ಮೌನವನ್ನು ಮುರಿದು ನಡೆದ ತಂದೆಯರು

ರೋಗದಿಂದಲೋ ಅಪಘಾತದಿಂದಲೋ ಮಗನನ್ನು ಅಥವಾ ಮಗಳನ್ನು ಕಳೆದುಕೊಂಡ ಮನೆಗೆ ನೆರೆಹೊರೆಯವರು ಬರುತ್ತಾರೆ. ಬಂದು ಕುಳಿತು, ಜೊತೆಯಲ್ಲಿ ಅತ್ತು, ಹೋದ ಮಗುವಿನ ಗುಣಗಳನ್ನು ನೆನೆದು, ಮನೆಯವರ ಕೈ ಹಿಡಿದು ಸಾಂತ್ವನ ಹೇಳುತ್ತಾರೆ. ಆದರೆ ಎಳೆಯ ಜೀವವೊಂದು ತಾನಾಗಿಯೇ ತನ್ನ ಬದುಕನ್ನು ಕೊನೆಗಾಣಿಸಿಕೊಂಡಾಗ ಬಂದವರಿಗೆ ಮಾತು ಹೊರಡದು, ಮನೆಯವರಿಗೆ ಮುಖವೆತ್ತಲು ಧೈರ್ಯ ಸಾಲದು. ಸತ್ತ ಮಗುವಿನ ಹೆಸರೇ ಆ ಮನೆಯಲ್ಲಿ ಉಚ್ಚರಿಸಬಾರದ ಹೆಸರಾಗುತ್ತದೆ. ಒಂದು ಸಾವಿನ ಮೇಲೆ ಇನ್ನೊಂದು ಸಾವು ಬಂದಂತೆ, ಮರಣದ ಹಿಂದೆಯೇ ಮೌನವೂ ಬಂದು ಮನೆಯೊಳಗೆ ನೆಲೆಸುತ್ತದೆ.

ಇತ್ತೀಚಿನ ದಶಕಗಳಲ್ಲಿ ಬೇರೆ ಬೇರೆ ದೇಶಗಳ ಕೆಲವು ಕುಟುಂಬಗಳು ಈ ಮೌನಕ್ಕೆ ತಲೆಬಾಗದೆ ಹೊರಗೆ ಹೊರಟಿವೆ. ಕೆಲವರು ದೋಣಿಯೇರಿ ನದಿಯ ಉದ್ದಕ್ಕೂ ಸಾಗುತ್ತಾರೆ, ಕೆಲವರು ಸೈಕಲ್ಲಿನ ಮೇಲೆ ಊರೂರು ಸುತ್ತುತ್ತಾರೆ, ಇನ್ನು ಕೆಲವರು ನಡೆದೇ ಹೋಗುತ್ತಾರೆ. ದಾರಿಯಲ್ಲಿ ಸಿಕ್ಕವರೊಡನೆ ತಮ್ಮ ಮಗುವಿನ ಬಗ್ಗೆ ಮಾತನಾಡುತ್ತಾರೆ, "ನಿಮ್ಮ ಮನೆಯ ಮಕ್ಕಳನ್ನು ವಿಚಾರಿಸಿಕೊಳ್ಳಿ" ಎಂದು ಕೇಳಿಕೊಳ್ಳುತ್ತಾರೆ. ಇಂತಹ ಯಾತ್ರೆಗಳಲ್ಲಿ ಬಹಳ ಜನರ ಮನಸ್ಸನ್ನು ತಟ್ಟಿದ್ದು ಬ್ರಿಟನ್ನಿನ ಮೂವರು ತಂದೆಯರ ಕಾಲ್ನಡಿಗೆ. ಅದನ್ನು ಮುಂದಿಟ್ಟುಕೊಂಡು, ಕ್ರೈಸ್ತರಾದ ನಮಗೆ ಸಂಬಂಧಿಸಿದ ಒಂದು ನೈತಿಕ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸೋಣ. ಇಂತಹ ದುಃಖವನ್ನು ಬೀದಿಗೆ ತರುವುದು ಸರಿಯೇ? ಮೌನವೇ ಅದಕ್ಕೆ ತಕ್ಕ ಗೌರವವಲ್ಲವೇ?

ಆ್ಯಂಡಿ ಏರಿ, ಮೈಕ್ ಪಾಮರ್ ಮತ್ತು ಟಿಮ್ ಓವನ್ ಮೂವರೂ ಮೊದಲು ಒಬ್ಬರನ್ನೊಬ್ಬರು ಅರಿತವರಲ್ಲ. ಒಬ್ಬರ ಊರು ಇಂಗ್ಲೆಂಡಿನ ವಾಯವ್ಯದ ಕಂಬ್ರಿಯ, ಇನ್ನೊಬ್ಬರದು ಮ್ಯಾಂಚೆಸ್ಟರಿನ ಸಮೀಪ, ಮತ್ತೊಬ್ಬರದು ಪೂರ್ವದ ನಾರ್ಫೋಕ್. ಮೂವರನ್ನೂ ಒಂದುಗೂಡಿಸಿದ್ದು ಒಂದೇ ಬಗೆಯ ನೋವು. 2018ರ ಡಿಸೆಂಬರಿನಲ್ಲಿ ಏರಿಯವರ ಇಪ್ಪತ್ತೊಂಬತ್ತು ವರ್ಷದ ಮಗಳು, 2020ರ ಮಾರ್ಚಿನಲ್ಲಿ ಪಾಮರ್ ಅವರ ಹದಿನೇಳು ವರ್ಷದ ಮಗಳು, ಅದೇ ತಿಂಗಳಲ್ಲಿ ಓವನ್ ಅವರ ಹತ್ತೊಂಬತ್ತು ವರ್ಷದ ಮಗಳು ತಮ್ಮ ಬದುಕನ್ನು ಮುಗಿಸಿಕೊಂಡಿದ್ದರು. 2021ರ ಅಕ್ಟೋಬರಿನಲ್ಲಿ ಈ ಮೂವರು ತಂದೆಯರು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ, ಅಲ್ಲಿಂದ ಮೂರನೆಯವರ ಮನೆಗೆ, ಒಟ್ಟು 300 ಮೈಲಿ, ಎಂದರೆ ಸುಮಾರು 480 ಕಿಲೋಮೀಟರ್ ದೂರವನ್ನು ನಡೆದೇ ಕ್ರಮಿಸಿದರು. 'ಪ್ಯಾಪಿರಸ್' ಎಂಬ ಸಂಸ್ಥೆಗೆ ನಿಧಿ ಸಂಗ್ರಹಿಸುವುದು ಅವರ ಉದ್ದೇಶವಾಗಿತ್ತು. ಆ ಸಂಸ್ಥೆಯೂ ಕಣ್ಣೀರಿನಲ್ಲೇ ಹುಟ್ಟಿದ್ದು. ಮಗನನ್ನು ಕಳೆದುಕೊಂಡ ಜೀನ್ ಕೆರ್ ಎಂಬ ತಾಯಿ, ತಮ್ಮಂತೆಯೇ ನೊಂದ ಇತರ ಪೋಷಕರೊಡನೆ ಸೇರಿ 1997ರಲ್ಲಿ ಅದನ್ನು ಆರಂಭಿಸಿದ್ದರು.

ಈ ನಡಿಗೆಯಲ್ಲಿ ಸಾಹಸವೇನೂ ಇರಲಿಲ್ಲ. ಅವರು ಶಿಖರವನ್ನೇರಲಿಲ್ಲ, ಕಡಲನ್ನು ದಾಟಲಿಲ್ಲ. ನಡುವಯಸ್ಸು ದಾಟುತ್ತಿದ್ದ ಮೂವರು ಗಂಡಸರು ಬೆನ್ನಿಗೆ ಚೀಲ ಹಾಕಿಕೊಂಡು ಹಳ್ಳಿ ಪಟ್ಟಣಗಳ ಹಾದಿಯಲ್ಲಿ ನಡೆದರು, ಅಷ್ಟೇ. ಆದರೆ ದಾರಿಯುದ್ದಕ್ಕೂ ಜನ ಅವರಿಗಾಗಿ ಕಾದು ನಿಂತರು. ತಮ್ಮ ಮಕ್ಕಳನ್ನು ಇದೇ ರೀತಿ ಕಳೆದುಕೊಂಡವರು ಭಾವಚಿತ್ರಗಳನ್ನು ಹಿಡಿದು ಬಂದರು, ಒಂದಷ್ಟು ದೂರ ಜೊತೆಯಲ್ಲಿ ನಡೆದರು, ಎಷ್ಟೋ ಕಾಲದಿಂದ ನುಂಗಿಕೊಂಡಿದ್ದ ಹೆಸರನ್ನು ಬಾಯಿಬಿಟ್ಟು ಹೇಳಿದರು. ಮನೆಯ ಒಳಗೆ ಆಡಲಾಗದ ಮಾತು, ಪಕ್ಕದಲ್ಲಿ ನಡೆಯುತ್ತಿರುವವರೊಡನೆ ಆಡಲು ಸಾಧ್ಯವಾಯಿತು. ಎದುರೆದುರು ಕುಳಿತಾಗ ಕಣ್ಣು ಕಣ್ಣನ್ನು ನೋಡಬೇಕಾಗುತ್ತದೆ. ಜೊತೆಯಾಗಿ ನಡೆಯುವಾಗ ಇಬ್ಬರ ಕಣ್ಣೂ ದಾರಿಯ ಮೇಲಿರುತ್ತದೆ, ಮಾತು ತಾನಾಗಿ ಹೊರಬರುತ್ತದೆ.

ಈ ತಂದೆಯರನ್ನು ಹೆಚ್ಚು ಕಾಡಿದ್ದು ಒಂದು ಸಂಗತಿ. ಬ್ರಿಟನ್ನಿನಲ್ಲಿ ಮೂವತ್ತೈದು ವರ್ಷದೊಳಗಿನವರ ಮರಣಗಳಿಗೆ ಆತ್ಮಹತ್ಯೆಯೇ ಅತಿ ದೊಡ್ಡ ಕಾರಣವೆಂಬುದು ತಮ್ಮ ಮಕ್ಕಳು ಸತ್ತ ಮೇಲಷ್ಟೇ ಅವರಿಗೆ ತಿಳಿಯಿತು. ರಸ್ತೆ ದಾಟುವಾಗ ಎಚ್ಚರ, ಅಪರಿಚಿತರ ಬಗ್ಗೆ ಎಚ್ಚರ, ಮದ್ಯದ ಬಗ್ಗೆ ಎಚ್ಚರ ಎಂದು ಮಕ್ಕಳಿಗೆ ಬುದ್ಧಿ ಹೇಳಿ ಬೆಳೆಸಿದ ಮನೆಗಳಲ್ಲಿ ಈ ಒಂದು ಅಪಾಯದ ಹೆಸರನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಹೀಗಾಗಿ 2022ರಲ್ಲಿ ಅವರು ಮತ್ತೆ ಹೊರಟರು. ಬೆಲ್‌ಫಾಸ್ಟ್, ಎಡಿನ್‌ಬರೊ, ಕಾರ್ಡಿಫ್ ಮತ್ತು ಲಂಡನ್ನಿನ ನಾಲ್ಕು ಶಾಸನಸಭೆಗಳನ್ನು ಬೆಸೆಯುವ 600 ಮೈಲಿಗಳ ನಡಿಗೆ ಅದು. ಶಾಲೆಗಳಲ್ಲಿ ಆತ್ಮಹತ್ಯೆಯನ್ನು ತಡೆಯುವ ಬಗ್ಗೆ ವಯಸ್ಸಿಗೆ ತಕ್ಕ ರೀತಿಯಲ್ಲಿ ಕಲಿಸಬೇಕೆಂಬುದು ಅವರ ಕೋರಿಕೆ. ಅದನ್ನು ಬೆಂಬಲಿಸಿದ ಮನವಿಪತ್ರಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2023ರ ಮಾರ್ಚ್ 13ರಂದು ಬ್ರಿಟನ್ನಿನ ಸಂಸತ್ತಿನಲ್ಲಿ ಅದರ ಬಗ್ಗೆ ಚರ್ಚೆ ನಡೆಯಿತು. 2025ರ ಜುಲೈನಲ್ಲಿ ಇಂಗ್ಲೆಂಡಿನ ಶಿಕ್ಷಣ ಇಲಾಖೆ ಪ್ರಕಟಿಸಿದ ಹೊಸ ಮಾರ್ಗದರ್ಶಿಯಲ್ಲಿ ಪ್ರೌಢಶಾಲೆಯ ಮಕ್ಕಳ ಪಾಠಗಳೊಳಗೆ ಈ ವಿಷಯಕ್ಕೂ ಸ್ಥಾನ ದೊರೆಯಿತು.

ಇಷ್ಟನ್ನು ಕೇಳಿದ ಮೇಲೂ ಆರಂಭದ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ. ಸಾವನ್ನು ಕುರಿತು ಹೀಗೆ ಬಹಿರಂಗವಾಗಿ ಮಾತನಾಡಿದರೆ, ಈಗಾಗಲೇ ಕುಗ್ಗಿರುವ ಎಳೆಯ ಮನಸ್ಸುಗಳಿಗೆ ನಾವೇ ದಾರಿ ತೋರಿಸಿದಂತಾಗದೇ? ಈ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ, ಅದರಲ್ಲಿ ಸತ್ಯಾಂಶವಿದೆ. 1774ರಲ್ಲಿ ಜರ್ಮನಿಯ ಗಯಟೆ ಬರೆದ ಕಾದಂಬರಿಯೊಂದರಲ್ಲಿ ಪ್ರೇಮದಲ್ಲಿ ಸೋತ ವೆರ್ಟರ್ ಎಂಬ ತರುಣ ತನ್ನ ಬದುಕನ್ನು ಮುಗಿಸಿಕೊಳ್ಳುತ್ತಾನೆ. ಅದನ್ನೋದಿದ ಯುವಕರು ಅವನನ್ನು ಅನುಕರಿಸಿದರೆಂಬ ಆತಂಕದಿಂದ ಕೆಲವು ಕಡೆ ಆ ಪುಸ್ತಕವನ್ನೇ ನಿಷೇಧಿಸಲಾಯಿತು. ಪತ್ರಿಕೆಗಳು ಇಂತಹ ಸಾವನ್ನು ವಿಜೃಂಭಿಸಿ ಬರೆದಾಗ ಅನುಕರಣೆ ಹೆಚ್ಚುವುದನ್ನು 1974ರಲ್ಲಿ ಡೇವಿಡ್ ಫಿಲಿಪ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ತೋರಿಸಿಕೊಟ್ಟು, ಅದನ್ನು 'ವೆರ್ಟರ್ ಪರಿಣಾಮ'ವೆಂದು ಕರೆದರು.

ಆದರೆ ಇದು ಅರ್ಧ ಸತ್ಯ. ಉಳಿದರ್ಧವನ್ನು 2010ರಲ್ಲಿ ವಿಯೆನ್ನಾದ ಸಂಶೋಧಕರು ಮುಂದಿಟ್ಟರು. ಕಷ್ಟದ ಗಳಿಗೆಯಲ್ಲಿ ಸಾಯಬೇಕೆಂದುಕೊಂಡು, ಆಮೇಲೆ ಬೇರೆ ದಾರಿ ಕಂಡು ಬದುಕಿದವರ ಕಥೆಗಳನ್ನು ಪತ್ರಿಕೆಗಳು ಪ್ರಕಟಿಸಿದಾಗ ಇಂತಹ ಸಾವುಗಳು ಕಡಿಮೆಯಾಗುವ ಲಕ್ಷಣ ಅವರಿಗೆ ಕಂಡುಬಂತು. ಮೊಟ್ಸಾರ್ಟನ ಗೀತನಾಟಕವೊಂದರಲ್ಲಿ ಪಾಪಗೇನೊ ಎಂಬ ಹಕ್ಕಿ ಹಿಡಿಯುವವನು ನಿರಾಶೆಯಿಂದ ಸಾಯಲು ಹೊರಟಾಗ ಮೂವರು ಬಾಲಕರು ಬಂದು ಬದುಕುವ ಬಗೆಯನ್ನು ನೆನಪಿಸುತ್ತಾರೆ. ಅವನ ಹೆಸರನ್ನೇ ಆ ಸಂಶೋಧಕರು ಈ ಪರಿಣಾಮಕ್ಕೆ ಇಟ್ಟರು. ಎಂದ ಮೇಲೆ ಮಾತೇ ಅಪಾಯವಲ್ಲ, ಎಂತಹ ಮಾತು ಎಂಬುದೇ ಮುಖ್ಯ. ಸಾವಿನ ವಿಧಾನವನ್ನು ಬಣ್ಣಿಸುವ ಮಾತು, ಸತ್ತವರನ್ನು ಹುತಾತ್ಮರನ್ನಾಗಿಸುವ ಮಾತು, ಒಂದೇ ಕಾರಣವನ್ನು ಹಿಡಿದು ತೀರ್ಪು ಕೊಡುವ ಮಾತು ಕೊಲ್ಲಬಲ್ಲದು. ನೋವನ್ನು ಗುರುತಿಸುವ, ಸಹಾಯವನ್ನು ತೋರಿಸುವ, ಬದುಕಿ ಉಳಿದವರ ಹೆಜ್ಜೆಯನ್ನು ನೆನಪಿಸುವ ಮಾತು ಕಾಯಬಲ್ಲದು. ಆ ಮೂವರು ತಂದೆಯರು ಆಡಿದ್ದು ಈ ಎರಡನೆಯ ಬಗೆಯ ಮಾತು. ಅವರು ತಮ್ಮ ಮಕ್ಕಳ ಸಾವನ್ನು ಪ್ರದರ್ಶಿಸಲಿಲ್ಲ, ಬದುಕಿರುವ ಮಕ್ಕಳಿಗಾಗಿ ಬೇಡಿಕೊಂಡರು.

ನೇರವಾಗಿ ಕೇಳುವುದರ ಬಗ್ಗೆಯೂ ಇದೇ ಅಂಜಿಕೆ ನಮ್ಮಲ್ಲಿದೆ. "ಸಾಯಬೇಕೆಂದು ಅನಿಸುತ್ತಿದೆಯೇ?" ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾದೀತು ಎಂದು ಎಷ್ಟೋ ತಾಯಂದಿರು, ಅಧ್ಯಾಪಕರು, ಗುರುಗಳು ಹಿಂಜರಿಯುತ್ತಾರೆ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತು. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳಲ್ಲಿ ಒಂದು ಭಾಗಕ್ಕೆ ಈ ಪ್ರಶ್ನೆಗಳನ್ನು ಕೇಳಲಾಯಿತು, ಇನ್ನೊಂದು ಭಾಗಕ್ಕೆ ಕೇಳಲಿಲ್ಲ. ಕೇಳಿಸಿಕೊಂಡ ಮಕ್ಕಳಲ್ಲಿ ಕಳವಳವಾಗಲಿ ಸಾವಿನ ಯೋಚನೆಯಾಗಲಿ ಹೆಚ್ಚಲಿಲ್ಲ. ಮೊದಲೇ ನೊಂದಿದ್ದ ಮಕ್ಕಳಿಗೆ ಆ ಪ್ರಶ್ನೆಯಿಂದ ತುಸು ನೆಮ್ಮದಿಯೇ ದೊರೆತಂತಿತ್ತು. ಭಾರ ಹೊತ್ತವನಿಗೆ "ಭಾರವಾಗಿದೆಯೇ?" ಎಂದು ಕೇಳಿದರೆ ಭಾರ ಹೆಚ್ಚುವುದಿಲ್ಲ. ತಾನು ಹೊತ್ತಿರುವುದು ಇನ್ನೊಬ್ಬರಿಗೂ ಕಾಣಿಸುತ್ತಿದೆ ಎಂಬ ಅರಿವೇ ಅವನಿಗೊಂದು ಆಸರೆ.

ಕ್ರೈಸ್ತರ ಮನಸ್ಸಿನಲ್ಲಿ ಇನ್ನೊಂದು ಗಂಭೀರ ಸಂದೇಹ ಏಳುವುದು ಸಹಜ. ಜೀವ ದೇವರ ಕೊಡುಗೆ. ನಾವು ಅದರ ಒಡೆಯರಲ್ಲ, ಕಾಪಾಡುವವರು ಮಾತ್ರ. ಸಂತ ಅಗಸ್ಟೀನರು ಐದನೆಯ ಶತಮಾನದ ಆರಂಭದಲ್ಲಿ ತಮ್ಮ 'ದೇವನಗರ' ಗ್ರಂಥದ ಮೊದಲನೆಯ ಪುಸ್ತಕದಲ್ಲಿಯೇ, ಕೊಲ್ಲಬಾರದೆಂಬ ದೇವರ ಆಜ್ಞೆ ನಮ್ಮ ಸ್ವಂತ ಜೀವಕ್ಕೂ ಅನ್ವಯಿಸುತ್ತದೆ ಎಂದು ವಾದಿಸಿದರು. ಧರ್ಮಸಭೆ ಆ ಬೋಧನೆಯನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಡುವಂತೆಯೂ ಇಲ್ಲ. ಹಾಗಾದರೆ ಸತ್ತವರ ಬಗ್ಗೆ ಇಷ್ಟು ಮೃದುವಾಗಿ ಮಾತನಾಡಿದರೆ ಆಜ್ಞೆಯ ಗಾಂಭೀರ್ಯ ತಗ್ಗುವುದಿಲ್ಲವೇ?

ಈ ಸಂದೇಹಕ್ಕೆ ಧರ್ಮಸಭೆಯ ಇತಿಹಾಸವೇ ಒಂದು ಉತ್ತರವನ್ನು ಹೊತ್ತುಕೊಂಡಿದೆ. 1917ರ ಧರ್ಮಸಭೆಯ ಕಾನೂನು ಸಂಹಿತೆ, ತಿಳಿದೂ ತಿಳಿದೂ ತನ್ನ ಜೀವವನ್ನು ಕಳೆದುಕೊಂಡವರಿಗೆ ಕ್ರೈಸ್ತ ಶವಸಂಸ್ಕಾರವನ್ನು ನಿರಾಕರಿಸಿತ್ತು. ಆ ನಿಯಮ ಜೀವದ ಪಾವಿತ್ರ್ಯವನ್ನು ಸಾರಲೆಂದೇ ಹುಟ್ಟಿದ್ದು. ಆದರೆ ಅದರ ಏಟು ಬಿದ್ದದ್ದು ಸತ್ತವರ ಮೇಲಲ್ಲ, ಉಳಿದವರ ಮೇಲೆ. ಸಮಾಧಿಭೂಮಿಯ ಗೋಡೆಯ ಹೊರಗೆ ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ಆ ಗೋಡೆ ದೇವರ ಮನೆಯ ಗೋಡೆಯಂತೆಯೇ ಕಂಡಿರಬೇಕು. 1983ರ ಹೊಸ ಸಂಹಿತೆಯಲ್ಲಿ ಆ ನಿಷೇಧವನ್ನು ಸೇರಿಸಲಿಲ್ಲ. 1992ರಲ್ಲಿ ಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2280ರಿಂದ 2283ರವರೆಗಿನ ಪರಿಚ್ಛೇದಗಳಲ್ಲಿ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಸ್ವಂತ ಜೀವವನ್ನು ತೆಗೆದುಕೊಳ್ಳುವುದು ದೇವರ ಪ್ರೀತಿಗೆ ವಿರುದ್ಧವಾದದ್ದು. ಆದರೆ ತೀವ್ರ ಮಾನಸಿಕ ತೊಂದರೆ, ಕಳವಳ, ಭಯ ಮನುಷ್ಯನ ಹೊಣೆಗಾರಿಕೆಯನ್ನು ಕುಗ್ಗಿಸಬಲ್ಲವು. ಅಂತಹವರ ನಿತ್ಯ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬೇಕಿಲ್ಲ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ.

ಇಲ್ಲಿ ಆಜ್ಞೆ ಸಡಿಲವಾಗಿಲ್ಲ. ಆಜ್ಞೆ ಯಾರಿಗಾಗಿ ಎಂಬುದು ಸ್ಪಷ್ಟವಾಗಿದೆ. ಕೊಲ್ಲಬಾರದೆಂಬ ಮಾತು ಬದುಕಿರುವವರನ್ನು ಕಾಯಲೆಂದು ಕೊಟ್ಟದ್ದು, ಸತ್ತವರ ಸಮಾಧಿಯ ಮೇಲೆ ಕಲ್ಲು ಹೊರಿಸಲೆಂದಲ್ಲ. ಆರ್ಸ್ ಊರಿನ ಗುರು ಸಂತ ಜಾನ್ ಮರಿಯ ವಿಯಾನ್ನಿಯವರ ಬಗ್ಗೆ ಬಹುಕಾಲದಿಂದ ಹೇಳಿಕೊಂಡು ಬಂದ ಘಟನೆಯೊಂದಿದೆ. ಗಂಡ ಸೇತುವೆಯಿಂದ ನದಿಗೆ ಹಾರಿ ಸತ್ತದ್ದರಿಂದ ಅವನ ಆತ್ಮದ ಗತಿಯೇನೆಂದು ಕೊರಗುತ್ತಿದ್ದ ವಿಧವೆಗೆ, ಸೇತುವೆಗೂ ನೀರಿಗೂ ನಡುವಿನ ಆ ಗಳಿಗೆಯಲ್ಲಿ ಅವನಿಗೆ ಪಶ್ಚಾತ್ತಾಪಪಡಲು ಸಮಯವಿತ್ತು ಎಂದು ಅವರು ತಿಳಿಸಿದರಂತೆ. ಸೇತುವೆಗೂ ನೀರಿಗೂ ನಡುವಿನ ಆ ಸ್ವಲ್ಪ ಜಾಗ ದೇವರಿಗೆ ಸೇರಿದ್ದು, ಅಲ್ಲಿ ನಮ್ಮ ತೀರ್ಪಿಗೆ ಪ್ರವೇಶವಿಲ್ಲ. ಸೇತುವೆಯ ಮೇಲೆ ಒಬ್ಬಂಟಿಯಾಗಿ ನಿಂತವನ ಪಕ್ಕದ ಜಾಗ ಮಾತ್ರ ನಮ್ಮದು. ಅಲ್ಲಿ ನಾವಿದ್ದೇವೆಯೇ ಎಂಬುದಕ್ಕೆ ನಾವು ಉತ್ತರ ಕೊಡಬೇಕು.

ಆ ಪಕ್ಕದ ಜಾಗದ ಮಹತ್ವಕ್ಕೆ ಅಮೆರಿಕದ ಸೇತುವೆಯೊಂದರ ನಿದರ್ಶನವೂ ಇದೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಗೋಲ್ಡನ್ ಗೇಟ್ ಸೇತುವೆಯ ಮೇಲೆ 1937ರಿಂದ 1971ರವರೆಗೆ ಸಾಯಲು ಬಂದು, ಯಾರೋ ತಡೆದದ್ದರಿಂದ ಉಳಿದ 515 ಜನರ ಮುಂದಿನ ಬದುಕನ್ನು ರಿಚರ್ಡ್ ಸೈಡನ್ ಎಂಬ ವಿದ್ವಾಂಸರು ಹುಡುಕಿ ನೋಡಿದರು. 1978ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಅವರಲ್ಲಿ ಶೇಕಡ 94ರಷ್ಟು ಜನ ಬದುಕಿದ್ದರು ಅಥವಾ ಸಹಜ ಮರಣವನ್ನೇ ಹೊಂದಿದ್ದರು. ಸಾಯಲು ಹೊರಟವರನ್ನು ತಡೆಯಲಾಗದು, ಇಂದಲ್ಲದಿದ್ದರೆ ನಾಳೆ ಮಾಡಿಕೊಂಡೇ ತೀರುತ್ತಾರೆ ಎಂಬ ಲೋಕರೂಢಿಯ ಮಾತು ನಿಜವಲ್ಲ. ಬಿರುಗಾಳಿ ಬರುತ್ತದೆ, ಹೋಗುತ್ತದೆ. ಅದು ಹೋಗುವವರೆಗೆ ಕೈ ಹಿಡಿದುಕೊಳ್ಳಲು ಒಬ್ಬರು ಬೇಕು.

ಹೀಗೆ ಕೈ ಹಿಡಿಯುವ ಕೆಲಸ ಆಧುನಿಕ ಕಾಲದಲ್ಲಿ ಸಂಘಟಿತವಾಗಿ ಆರಂಭವಾದದ್ದು ಒಂದು ದೇವಾಲಯದಲ್ಲಿ ಎಂಬುದನ್ನು ನಾವು ಸ್ಮರಿಸಬೇಕು. ಆಂಗ್ಲಿಕನ್ ಗುರು ಚಾಡ್ ವಾರಾ ಅವರು 1935ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಹದಿನಾಲ್ಕು ವರ್ಷದ ಬಾಲೆಯೊಬ್ಬಳ ಶವಸಂಸ್ಕಾರವನ್ನು ನೆರವೇರಿಸಬೇಕಾಯಿತು. ಮೊದಲ ಬಾರಿಗೆ ಋತುಮತಿಯಾದಾಗ ಅದು ಯಾವುದೋ ನಾಚಿಕೆಗೇಡಿನ ರೋಗವೆಂದು ಹೆದರಿ ಆಕೆ ಪ್ರಾಣ ಕಳೆದುಕೊಂಡಿದ್ದಳು. ಕೇಳಲು ಒಬ್ಬರಿದ್ದಿದ್ದರೆ ಅವಳು ಬದುಕುತ್ತಿದ್ದಳು ಎಂಬ ಕೊರಗು ಅವರನ್ನು ಬಿಡಲಿಲ್ಲ. 1953ರಲ್ಲಿ ಲಂಡನ್ನಿನ ಸಂತ ಸ್ತೇಫನರ ದೇವಾಲಯದ ಗುರುಗಳಾದಾಗ, ಸಾಯುವ ಯೋಚನೆಯಲ್ಲಿರುವವರು ಕರೆ ಮಾಡಲೆಂದು ಅವರು ಒಂದು ದೂರವಾಣಿಯನ್ನು ಇಟ್ಟರು. ಜನ ಕರೆ ಮಾಡಿದರು, ನೇರವಾಗಿಯೂ ಬಂದರು. ಗುರುಗಳನ್ನು ಕಾಣಲು ಕಾದು ಕುಳಿತವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಅವರ ಮಾತಿಗೆ ಕಿವಿಗೊಡುತ್ತಿದ್ದರು. ಸ್ವಲ್ಪ ಕಾಲದಲ್ಲೇ ಒಂದು ವಿಚಿತ್ರ ಕಂಡುಬಂತು. ಬಹಳಷ್ಟು ಜನರಿಗೆ ಗುರುಗಳನ್ನು ಕಾಣುವ ಅಗತ್ಯವೇ ಉಳಿಯುತ್ತಿರಲಿಲ್ಲ, ಚಹಾ ಕೊಟ್ಟವರೊಡನೆ ಆಡಿದ ಮಾತಿನಿಂದಲೇ ಅವರ ಮನಸ್ಸು ಹಗುರಾಗುತ್ತಿತ್ತು. 1954ರಲ್ಲಿ ಚಾಡ್ ವಾರಾ ಆ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿದರು. ಅದೇ ಇಂದು 'ಸಮಾರಿಟನ್ಸ್' ಎಂದು ಹೆಸರಾದ ಸಂಸ್ಥೆ.

ಪವಿತ್ರ ಬೈಬಲಿನಲ್ಲಿಯೂ ಇದೇ ಪಾಠವಿದೆ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ನೋಡಿರಿ. ಕಾರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿಯನ್ನು ಬರಮಾಡಿದ ಪ್ರವಾದಿ ಎಲೀಯ, ಅದಾದ ಸ್ವಲ್ಪದರಲ್ಲೇ ರಾಣಿಯ ಬೆದರಿಕೆಗೆ ಹೆದರಿ ಮರುಭೂಮಿಗೆ ಓಡಿಹೋಗುತ್ತಾನೆ. ಕುರುಚಲು ಗಿಡವೊಂದರ ನೆರಳಿನಲ್ಲಿ ಕುಳಿತು, ಇನ್ನು ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ವಿಶ್ವಾಸವಿದ್ದವರಿಗೆ ಇಂತಹ ಯೋಚನೆ ಬಾರದು ಎನ್ನುವವರು ಎಲೀಯನ ವಿಶ್ವಾಸವನ್ನು ಅಳೆಯಲು ಸಿದ್ಧರಿದ್ದಾರೆಯೇ? ದೇವರು ಅವನನ್ನು ಗದರಿಸಲಿಲ್ಲ, ಉಪದೇಶಿಸಲಿಲ್ಲ, ಕಾರ್ಮೆಲ್ ಬೆಟ್ಟವನ್ನು ನೆನಪಿಸಿ ನಾಚಿಸಲೂ ಇಲ್ಲ. ಅವನು ಮಲಗಲು ಬಿಟ್ಟರು. ದೂತನನ್ನು ಕಳುಹಿಸಿ ಮುಟ್ಟಿ ಎಬ್ಬಿಸಿ, ಬಿಸಿ ರೊಟ್ಟಿ ಮತ್ತು ನೀರು ಕೊಟ್ಟರು. ಮತ್ತೆ ಮಲಗಿದಾಗ ಮತ್ತೊಮ್ಮೆ ಎಬ್ಬಿಸಿ ತಿನ್ನಿಸಿದರು. ಮುಂದಿನ ದಾರಿ ಅವನ ಶಕ್ತಿಗೆ ಮೀರಿದ್ದೆಂದು ಒಪ್ಪಿಕೊಂಡರು. ಆಮೇಲಷ್ಟೇ ಹೋರೇಬ್ ಬೆಟ್ಟದಲ್ಲಿ ಮಾತು. ಆ ಮಾತೂ ಪ್ರಶ್ನೆಯಾಗಿಯೇ ಬಂತು, ಇಲ್ಲಿ ಏನು ಮಾಡುತ್ತಿರುವೆ ಎಂದು. ಕೊನೆಗೆ ಅವನ ಜೊತೆಗೆ ಎಲೀಷನೆಂಬ ಸಂಗಾತಿಯನ್ನು ಕೊಟ್ಟರು. ನಿದ್ರೆ, ಆಹಾರ, ಸ್ಪರ್ಶ, ಪ್ರಶ್ನೆ, ಸಂಗಾತಿ. ದೇವರ ಉಪಚಾರದ ಕ್ರಮ ಇದು. ನಾವಾದರೋ ಸಾಮಾನ್ಯವಾಗಿ ಬುದ್ಧಿವಾದದಿಂದ ಆರಂಭಿಸುತ್ತೇವೆ.

ಈಗ ನಮ್ಮ ಸುತ್ತಲಿನ ಸ್ಥಿತಿಯನ್ನು ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಯಂತೆ 2022ನೇ ಒಂದೇ ವರ್ಷದಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಪ್ರತಿದಿನ ಸರಾಸರಿ ಮೂವತ್ತೈದು ಮನೆಗಳ ಮಕ್ಕಳು ಎಂದು ಲೆಕ್ಕ ಹಾಕಿದರೆ ಎದೆ ನಡುಗುತ್ತದೆ. ಆದರೂ ನಮ್ಮ ಊರುಗಳಲ್ಲಿ ಆ ಮೂವರು ತಂದೆಯರಂತೆ ಹೊರಗೆ ಬಂದು ಮಾತನಾಡುವವರು ಅಪರೂಪ. "ನಾಲ್ಕು ಜನ ಏನೆಂದಾರು" ಎಂಬ ಅಂಜಿಕೆ ನಮ್ಮನ್ನು ಆಳುತ್ತದೆ. ಹೊಟ್ಟೆನೋವು ತಾಳಲಾರದೆ ಹೀಗಾಯಿತು ಎಂಬ ಹಳೆಯ ವಾಕ್ಯವೊಂದು ಪತ್ರಿಕೆಯ ಸುದ್ದಿಯಲ್ಲಿಯೂ ಮನೆಯ ಮಾತಿನಲ್ಲಿಯೂ ಮನಸ್ಸಿನ ನೋವಿಗೆ ಮುಸುಕು ಹಾಕಿದೆ. ಹೊಟ್ಟೆಯ ನೋವನ್ನಾದರೂ ಹೇಳಿಕೊಳ್ಳಬಹುದು, ಮನಸ್ಸಿನ ನೋವನ್ನು ಹೇಳಿಕೊಳ್ಳುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಪತ್ರಿಕೆಗಳ ಇನ್ನೊಂದು ಮಾತನ್ನೂ ಗಮನಿಸಬೇಕು. "ಆತ್ಮಹತ್ಯೆಗೆ ಶರಣು" ಎಂಬ ಶೀರ್ಷಿಕೆ ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದರ ಅರ್ಥವೇ ಕಿವಿಗೆ ತಾಗುವುದಿಲ್ಲ. ಶರಣು ಎಂಬುದು ಕನ್ನಡದ ಅತ್ಯಂತ ಪವಿತ್ರ ಪದಗಳಲ್ಲೊಂದು. ಆಶ್ರಯ ಕೊಡಬಲ್ಲವರಲ್ಲಿ ಹೋಗುವುದು ಶರಣು. ಮರಣದಲ್ಲಿ ಆಶ್ರಯವಿದೆಯೆಂದು ಎಳೆಯ ಮನಸ್ಸುಗಳಿಗೆ ದಿನವೂ ಹೇಳುತ್ತಿರುವ ಆ ಪದಬಳಕೆಯನ್ನು ನಾವಾದರೂ ಕೈಬಿಡಬಹುದು. ಹಾಗೆಯೇ ನಮ್ಮ ಮನೆ, ನಮ್ಮ ಶಾಲೆ, ನಮ್ಮ ಧರ್ಮಕೇಂದ್ರ ಒಬ್ಬ ಮಗು ನಿಜವಾಗಿಯೂ ಶರಣು ಹೋಗಬಲ್ಲ ತಾಣಗಳಾಗಿವೆಯೇ ಎಂದೂ ಕೇಳಿಕೊಳ್ಳಬೇಕು. ಪರೀಕ್ಷೆಯಲ್ಲಿ ಸೋತವನಿಗೆ, ಪ್ರೇಮದಲ್ಲಿ ಎಡವಿದವಳಿಗೆ, ಸಾಲದ ಭಾರ ಹೊತ್ತವನಿಗೆ, ಕಾರಣವೇ ತಿಳಿಯದ ಕತ್ತಲೆ ಮನಸ್ಸನ್ನು ಕವಿದವಳಿಗೆ ನಾವು ಮೊದಲು ಕೊಡುವುದು ಆಸರೆಯನ್ನೋ, ಲೆಕ್ಕಪತ್ರವನ್ನೋ?

ಕಾನೂನು ಈ ವಿಷಯದಲ್ಲಿ ಒಂದಷ್ಟು ಮುಂದೆ ಬಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಹೀಗೆ ಯತ್ನಿಸಿದವರನ್ನು ಅಪರಾಧಿಗಳೆಂದು ಕಾಣುತ್ತಿದ್ದ ಹಳೆಯ 309ನೇ ಕಲಮನ್ನು ಉಳಿಸಿಕೊಂಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನ್ಯಾಯಾಲಯ ಅಪರಾಧಿಯೆನ್ನದವರನ್ನು ನಾವು ನೆರೆಯವರ ಜಗಲಿಯ ಮೇಲೆ ಕುಳಿತು ಅಪರಾಧಿಗಳೆನ್ನುವುದು ಕ್ರೈಸ್ತ ನಡತೆಯಲ್ಲ.

ಪ್ರಾರ್ಥನೆ ಮತ್ತು ಚಿಕಿತ್ಸೆ ಒಂದಕ್ಕೊಂದು ವಿರೋಧಿಗಳೆಂದು ಯಾರೂ ತಿಳಿಯಬಾರದು. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದಾರೆ ಎಂಬ ಅರ್ಥದ ಮಾತು ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿದೆ. ಕುಗ್ಗಿದ ಮಗನನ್ನು ಮನೋವೈದ್ಯರ ಬಳಿಗೆ ಕರೆದೊಯ್ಯುವ ತಾಯಿ ವಿಶ್ವಾಸದಲ್ಲಿ ಸೋತವಳಲ್ಲ. ಅವಳು ದೇವರು ಕೊಟ್ಟ ರೊಟ್ಟಿ ನೀರನ್ನೇ ಮಗನ ಮುಂದಿಡುತ್ತಿದ್ದಾಳೆ.

ಮಕ್ಕಳನ್ನು ಕಳೆದುಕೊಂಡ ಪೋಷಕರ ಬಗ್ಗೆಯೂ ಒಂದು ಮಾತು ಅಗತ್ಯ. "ಎಲ್ಲಿ ತಪ್ಪಿದೆವು?" ಎಂಬ ಪ್ರಶ್ನೆ ಅವರನ್ನು ಸಾಯುವತನಕ ಬಿಡುವುದಿಲ್ಲ. ಊರಿನವರು ಅದಕ್ಕೆ ಇನ್ನಷ್ಟು ಪ್ರಶ್ನೆಗಳನ್ನು ಸೇರಿಸಬೇಕಾಗಿಲ್ಲ. ಹುಟ್ಟು ಕುರುಡನನ್ನು ಕಂಡು, ಇದು ಇವನ ಪಾಪದ ಫಲವೋ ಇವನ ತಂದೆತಾಯಿಗಳ ಪಾಪದ ಫಲವೋ ಎಂದು ಶಿಷ್ಯರು ಕೇಳಿದಾಗ ಪ್ರಭು ಯೇಸು ಆ ಪ್ರಶ್ನೆಯನ್ನೇ ನಿರಾಕರಿಸಿದರು ಎಂದು ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯ ತಿಳಿಸುತ್ತದೆ. ಪ್ರೀತಿಯಿಂದ ಸಾಕಿದ ಮನೆಗಳಲ್ಲಿಯೂ ಈ ದುರಂತ ಸಂಭವಿಸುತ್ತದೆ. ಆ ಮೂವರು ತಂದೆಯರೂ ತಮ್ಮ ಮಕ್ಕಳನ್ನು ಪ್ರೀತಿಸಿದವರೇ. ಪ್ರೀತಿಯ ಜೊತೆಗೆ ತಿಳಿವಳಿಕೆಯೂ ಬೇಕೆಂಬುದು ಅವರ ಮಾತಿನ ಸಾರ. ಅದನ್ನು ಅವರು ತಮಗಾಗಿ ಹೇಳಲಿಲ್ಲ, ತಮ್ಮ ಮಕ್ಕಳಂತೂ ಮರಳಿ ಬರುವುದಿಲ್ಲವೆಂದು ಬಲ್ಲವರಾಗಿಯೇ ಪರರ ಮಕ್ಕಳಿಗಾಗಿ ನಡೆದರು. ಅವರು ಧರ್ಮಸಭೆಯ ಹೆಸರಿನಲ್ಲಿ ಹೊರಟವರಲ್ಲ. ಆದರೂ ಪರರಿಗಾಗಿ ತನ್ನ ಗಾಯವನ್ನು ತೆರೆದು ತೋರಿಸುವುದು ಶಿಲುಬೆಯನ್ನು ನೋಡಿ ಬೆಳೆದ ನಮಗೆ ಅಪರಿಚಿತವಾದದ್ದೇನಲ್ಲ.

ಪ್ರಿಯ ಓದುಗರೇ, ನಾವೆಲ್ಲರೂ ನೂರಾರು ಮೈಲಿ ನಡೆಯಬೇಕಾಗಿಲ್ಲ, ದೋಣಿಯೇರಿ ನದಿಯನ್ನು ಅಳೆಯಬೇಕಾಗಿಲ್ಲ. ನಮ್ಮ ಧರ್ಮೋಪದೇಶ ತರಗತಿಗಳಲ್ಲಿ, ಯುವಜನರ ಕೂಟಗಳಲ್ಲಿ, ಕಿರು ಕ್ರೈಸ್ತ ಸಮುದಾಯಗಳಲ್ಲಿ ವರ್ಷಕ್ಕೊಮ್ಮೆಯಾದರೂ ಈ ವಿಷಯವನ್ನು ತಿಳಿದವರಿಂದ ಹೇಳಿಸಬಹುದು. ಇಂತಹ ಸಾವು ಸಂಭವಿಸಿದ ಮನೆಗೆ ಹೋಗಿ ಆ ಮಗುವಿನ ಹೆಸರು ಹಿಡಿದು ಮಾತನಾಡಿಸಬಹುದು. ಅವರ ಹೆಸರಿನಲ್ಲಿ ಬಲಿಪೂಜೆಗೆ ಕೋರಿಕೆ ಕೊಡುವ ತಾಯಿ ತಲೆತಗ್ಗಿಸಿ ನಿಲ್ಲದಂತೆ ನೋಡಿಕೊಳ್ಳಬಹುದು. ಇದ್ದಕ್ಕಿದ್ದಂತೆ ಮಾತು ಕಡಿಮೆ ಮಾಡಿದ, ಊಟ ನಿದ್ರೆ ಬಿಟ್ಟ, ತಾನು ಎಲ್ಲರಿಗೂ ಭಾರವೆನ್ನುವ ಮಗುವಿನ ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಬಹುದು, ಉತ್ತರಕ್ಕಾಗಿ ಕಾಯಬಹುದು, ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬಹುದು.

ಎಮ್ಮಾವಿನ ದಾರಿಯಲ್ಲಿ ಹೊರಟಿದ್ದ ಇಬ್ಬರು ಶಿಷ್ಯರಿಗೆ ಬದುಕಿನ ಭರವಸೆಯೆಲ್ಲ ಗೋಲ್ಗೊಥಾದಲ್ಲಿ ಮುಗಿದುಹೋಗಿತ್ತು. ಪುನರುತ್ಥಾನರಾದ ಪ್ರಭು ಅವರ ಮುಂದೆ ಮಹಿಮೆಯಿಂದ ಮಿಂಚಿ ಅವರ ದುಃಖವನ್ನು ಅಡಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಅಪರಿಚಿತರಂತೆ ಪಕ್ಕಕ್ಕೆ ಬಂದು ಅವರದೇ ನಡಿಗೆಯ ವೇಗದಲ್ಲಿ ಹೆಜ್ಜೆ ಹಾಕಿದರು. ನಡೆಯುತ್ತಾ ಏನು ಮಾತನಾಡಿಕೊಳ್ಳುತ್ತಿದ್ದೀರಿ ಎಂದು ಕೇಳಿದರು. ಎಲ್ಲವನ್ನೂ ಬಲ್ಲವರಾದ ಅವರು ಆ ಇಬ್ಬರ ಬಾಯಿಂದಲೇ ಎಲ್ಲವನ್ನೂ ಕೇಳಿಸಿಕೊಂಡರು. ಮುಖ ಬಾಡಿದ ಆ ಇಬ್ಬರೂ ಒಂದು ಕ್ಷಣ ನಿಂತುಬಿಟ್ಟರು ಎಂದು ಸಂತ ಲೂಕರು ಬರೆಯುತ್ತಾರೆ. ಯಾರಾದರೂ ಪಕ್ಕಕ್ಕೆ ಬಂದು ಕೇಳಿದ್ದರಿಂದ ಒಂದು ಕ್ಷಣ ನಿಂತ ಎಳೆಯರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಕೇಳಲು ಯಾರೂ ಬಾರದೆ ಹಾಗೆಯೇ ನಡೆದು ಹೋದವರೂ ಇದ್ದಾರೆ. ಇವರಿಗಾಗಿ ಪ್ರಾರ್ಥಿಸೋಣ, ಅವರ ಜೊತೆ ನಡೆಯೋಣ.